ಮೂರು ಲೋಡು ತಿಪ್ಪೆಗೊಬ್ಬರ, ಮೂರು ಚೀಲ ಯೂರಿಯಾ: ಎರಡು ಎಕರೆ ಮೆಕ್ಕೆಜೋಳದ ಲೆಕ್ಕ

2025ರ ನವೆಂಬರ್ 14ರಂದು ಕೊನೆಯ ಚೀಲ ಮಾರಿ ಬಂದೆ. ಮೇ ತಿಂಗಳಿಂದ ಗೋಡೆಗೆ ನೇತುಹಾಕಿದ್ದ ನೋಟ್‌ಬುಕ್ ಇಳಿಸಿ, ಅದರಲ್ಲಿದ್ದುದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ತಪ್ಪಿದ್ದನ್ನೂ ಬಿಟ್ಟಿಲ್ಲ. ಮುಂದಿನ ಮುಂಗಾರಿಗೆ ಗೊಬ್ಬರ ಹೊಡೆಸುವವರಿಗೆ ಹೆಚ್ಚು ಬೇಕಾಗುವುದು ಆ ಭಾಗವೇ.

ಹೊಲ ಇರುವುದು ದಾವಣಗೆರೆ ಜಿಲ್ಲೆಯ ಜಗಳೂರು ಕಡೆ. ಕೆಂಪು ಮಣ್ಣು, ಮರಳು ಮಿಶ್ರ, ಪೂರ್ತಿ ಮಳೆ ನಂಬಿದ ಜಮೀನು. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ 0.38 ಪರ್ಸೆಂಟ್ ಬಂದಿತ್ತು. 0.5ಕ್ಕಿಂತ ಕೆಳಗಿದ್ದರೆ ಕಡಿಮೆ ಎಂದೇ ಲೆಕ್ಕ. ಹನ್ನೆರಡು ವರ್ಷ ಮೆಕ್ಕೆಜೋಳದ ಮೇಲೆ ಮೆಕ್ಕೆಜೋಳ ಹಾಕಿ ಬರೀ ಸರ್ಕಾರಿ ಗೊಬ್ಬರ, ಅಂದರೆ ಚೀಲದ ರಾಸಾಯನಿಕ ಗೊಬ್ಬರ, ಕೊಟ್ಟಿದ್ದರ ಫಲ ಅದು.

ಮನೆಯಲ್ಲಿ ಎರಡು ಹಸು, ಒಂದು ಎಮ್ಮೆ, ಒಂದು ಜೊತೆ ಎತ್ತು ಇವೆ. ತಿಪ್ಪೆಗೊಬ್ಬರ ಪ್ರತಿ ವರ್ಷ ಅಡಿಕೆ ಗಿಡದ ಬುಡಕ್ಕೆ ಹೋಗುತ್ತಿತ್ತು. ಈ ಸಲ ಅಷ್ಟನ್ನೂ ಜೋಳದ ಹೊಲಕ್ಕೆ ತಿರುಗಿಸಿದೆ.

1. ಲೆಕ್ಕ ಹಾಕಿದ್ದು (ಏಪ್ರಿಲ್ ಕೊನೆ)

ಎರಡು ಎಕರೆಯನ್ನು 20 ಗುಂಟೆಯ ನಾಲ್ಕು ಪಟ್ಟಿ ಮಾಡಿ, ಬದುವಿನ ಉದ್ದಕ್ಕೂ ಬಣ್ಣ ಬಳಿದ ಗೂಟ ನೆಟ್ಟೆ.

ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಕೃಷಿ ವಿಶ್ವವಿದ್ಯಾಲಯದವರು ಹೇಳುವುದು ಹೆಕ್ಟೇರಿಗೆ ಸಾರಜನಕ 100, ರಂಜಕ 50, ಪೊಟ್ಯಾಷ್ 25 ಕೆಜಿ. 20 ಗುಂಟೆಗೆ ಇಳಿಸಿದರೆ 20, 10, 5 ಕೆಜಿ. ರಂಜಕದ 10 ಕೆಜಿಗೆ ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ) 22 ಕೆಜಿ ಬೇಕು. ಅದರಲ್ಲೇ ಸಾರಜನಕ 4 ಕೆಜಿ ಬಂದುಬಿಡುತ್ತದೆ. ಉಳಿದ 16 ಕೆಜಿಗೆ ಯೂರಿಯಾ 35 ಕೆಜಿ. ಪೊಟ್ಯಾಷ್ ಎಂಟೂವರೆ ಕೆಜಿ. ಡಿಎಪಿಯನ್ನೂ ಪೊಟ್ಯಾಷನ್ನೂ ನಾಲ್ಕೂ ಪಟ್ಟಿಗೆ ಒಂದೇ ಸಮ ಕೊಟ್ಟು, ತಿಪ್ಪೆಗೊಬ್ಬರ ಮತ್ತು ಯೂರಿಯಾ ಮಾತ್ರ ಬದಲಿಸಿದೆ:

ಪಟ್ಟಿ 1: ತಿಪ್ಪೆಗೊಬ್ಬರ ಇಲ್ಲ, ಯೂರಿಯಾ 35 ಕೆಜಿ.
ಪಟ್ಟಿ 2: ತಿಪ್ಪೆಗೊಬ್ಬರ 2 ಟನ್, ಯೂರಿಯಾ 35 ಕೆಜಿ.
ಪಟ್ಟಿ 3: ತಿಪ್ಪೆಗೊಬ್ಬರ 2 ಟನ್, ಸಾರಜನಕ ಮುಕ್ಕಾಲು ಪಾಲು, ಅಂದರೆ ಯೂರಿಯಾ 24 ಕೆಜಿ.
ಪಟ್ಟಿ 4: ತಿಪ್ಪೆಗೊಬ್ಬರ 2 ಟನ್, ಸಾರಜನಕ ಅರ್ಧ, ಯೂರಿಯಾ 13 ಕೆಜಿ.

ನಾಲ್ಕನೇ ಪಟ್ಟಿಯ ಲೆಕ್ಕದಲ್ಲೇ ಮೊದಲ ತಪ್ಪಿತ್ತು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಅರ್ಧ ಪರ್ಸೆಂಟ್ ಅನ್ನುತ್ತಾರೆ. ಎರಡು ಟನ್‌ಗೆ 10 ಕೆಜಿ ಆಯಿತು, ಅಷ್ಟನ್ನೂ ಚೀಲದಿಂದ ಕಳೆದುಬಿಡೋಣ ಎಂದುಕೊಂಡೆ. ಗೊಬ್ಬರದಲ್ಲಿ ಇರುವುದೆಲ್ಲ ಅದೇ ವರ್ಷ ಬೆಳೆಯ ಬಾಯಿಗೆ ಬರುವುದಿಲ್ಲ. ಮೊದಲ ವರ್ಷ ಸಿಗುವುದು ಒಂದು ಪಾಲು, ಉಳಿದದ್ದು ಮಣ್ಣಲ್ಲಿ ನಿಧಾನಕ್ಕೆ ಬಿಡುತ್ತದೆ. ಇದು ಗೊತ್ತಿದ್ದೂ ಕಾಗದದ ಮೇಲೆ ಕಳೆಯುವ ಲೆಕ್ಕ ಸುಲಭವಾಗಿ ಕಂಡಿತು, ಕಳೆದೆ.

2. ತಿಪ್ಪೆ ಬಿಚ್ಚಿದ್ದು (ಮೇ 15)

ತಿಪ್ಪೆಗೆ ಹತ್ತು ತಿಂಗಳಾಗಿತ್ತು, ಆದರೆ ನಡುವೆ ಒಮ್ಮೆಯೂ ಮಗುಚಿರಲಿಲ್ಲ. ಕೆಳಗಿನ ಪದರ ಕಪ್ಪಗೆ ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತಿತ್ತು. ಮೇಲಿನ ಎರಡಡಿ ಬೇರೆಯೇ. ಸಪ್ಪೆಯ (ಜೋಳದ ದಂಟಿನ) ತುಂಡು ಹಾಗೇ ಕಾಣುತ್ತಿತ್ತು, ಸಗಣಿ ಉಂಡೆ ಒಡೆದರೆ ಒಳಗೆ ಹಸಿರು. ನಾಲ್ಕಡಿ ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದಾಗ ಮೇಲ್ಭಾಗದ ಸರಳು ಕೈ ಇಡಲಾಗದಷ್ಟು ಬಿಸಿ. ಒಳಗೆ ಇನ್ನೂ ಕೊಳೆಯುತ್ತಿದೆ ಎಂದೇ ಅರ್ಥ.

ಅಪ್ಪ ನೋಡಿ, "ಮೇಲಿಂದು ಇನ್ನೂ ಹಸಿ ಐತೆ, ಈ ವರ್ಷ ಬಿಡು, ಮುಂದಿನ ವರ್ಷಕ್ಕೆ ಆಗ್ತೈತೆ" ಅಂದರು. ನನಗೆ ಮೂರನೇ ಲೋಡು ಬೇಕಾಗಿತ್ತು, ಗೂಟ ಆಗಲೇ ನೆಟ್ಟಾಗಿತ್ತು. ಅವರ ಮಾತು ಕೇಳಲಿಲ್ಲ.

3. ತೂಕ ಮತ್ತು ಹರಡಿದ್ದು (ಮೇ 17ರಿಂದ 30)

"ಎಕರೆಗೆ ಎರಡು ಲೋಡು" ಅನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ. ಆದ್ದರಿಂದ ಟ್ರ್ಯಾಕ್ಟರನ್ನು ವೇ ಬ್ರಿಡ್ಜ್ ಮೇಲೆ ಹತ್ತಿಸಿದೆ. ಮೊದಲ ಲೋಡು 2,060 ಕೆಜಿ, ಎರಡನೆಯದು 2,110. ಎರಡೂ ಕೆಳಗಿನ ಕಪ್ಪು ಗೊಬ್ಬರ. ಮೂರನೆಯದು ಮೇಲಿನ ಪದರದ್ದು. ಅಷ್ಟೇ ಎತ್ತರ ತುಂಬಿದ್ದರೂ 1,740 ಕೆಜಿ ಮಾತ್ರ ತೂಗಿತು. ಸಪ್ಪೆ ಜಾಸ್ತಿ ಇದ್ದುದು ತೂಕದಲ್ಲೇ ಗೊತ್ತಾಯಿತು.

ಸಮನಾಗಿ ಹರಡಲು ಮಾಡಿದ ಉಪಾಯ ಇದು. 20 ಗುಂಟೆ ಎಂದರೆ ಸುಮಾರು 2,020 ಚದರ ಮೀಟರ್, ಎರಡು ಟನ್ ಎಂದರೆ ಚದರ ಮೀಟರಿಗೆ ಒಂದು ಕಿಲೋ. ನಮ್ಮ ಮನೆಯ ಬುಟ್ಟಿಯಲ್ಲಿ ಕಳಿತ ಗೊಬ್ಬರ 16 ಕೆಜಿ ಹಿಡಿಯುತ್ತದೆ. ಹಗ್ಗಕ್ಕೆ ನಾಲ್ಕು ಮೀಟರಿಗೊಂದು ಗಂಟು ಹಾಕಿ, ಉದ್ದಕ್ಕೂ ಅಗಲಕ್ಕೂ ಗಂಟು ಬಿದ್ದಲ್ಲೆಲ್ಲ ಒಂದೊಂದು ಬುಟ್ಟಿ ಸುರಿದೆವು. ಆ ಗುಪ್ಪೆಯನ್ನು ಸುತ್ತಲೂ ಎರಡೆರಡು ಮೀಟರ್ ಎಳೆದರೆ ಲೆಕ್ಕ ಸರಿಹೋಗುತ್ತದೆ. ನಾಲ್ಕು ಜನ ಹೆಣ್ಣಾಳು ಮೊದಲ ಎರಡು ಪಟ್ಟಿ ಅರ್ಧ ದಿನದಲ್ಲಿ ಮುಗಿಸಿದರು.

ಪಟ್ಟಿ 2 ಮತ್ತು 3ಕ್ಕೆ ಮೇ 18ರಂದು ಹರಡಿ, ಅವತ್ತೇ ಸಂಜೆಯೊಳಗೆ ಕುಂಟೆ ಹೊಡೆದು ಮಣ್ಣಿಗೆ ಸೇರಿಸಿದೆವು. ಪಟ್ಟಿ 4ಕ್ಕೆ 19ರಂದು ಗುಪ್ಪೆ ಹಾಕಿದ್ದೇ ತಡ, ಸಂಜೆ ಮಳೆ ಹಿಡಿಯಿತು. ಈ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತ್ತು, ಅದಕ್ಕೆ ಮುಂಚಿನ ಮಳೆಯೂ ಬಿಡಲಿಲ್ಲ. ಹೊಲಕ್ಕೆ ಕಾಲಿಡಲು ಆಗದೆ ಗುಪ್ಪೆಗಳು ಹತ್ತು ದಿನ ಹಾಗೇ ನೆನೆದವು. ಒಂದೊಂದು ಗುಪ್ಪೆಯ ಬುಡದಿಂದಲೂ ಚಹಾದ ಬಣ್ಣದ ನೀರು ಇಳಿಯುತ್ತಿತ್ತು. ಮೇ 30ರಂದು ಹರಡಿದಾಗ ಸತ್ವದ ಒಂದಷ್ಟು ಪಾಲು ಗುಪ್ಪೆಯ ಅಡಿಯಲ್ಲೇ ಇಂಗಿಹೋಗಿತ್ತು. ಇದು ನನ್ನ ಊಹೆ ಮಾತ್ರವಲ್ಲ. ಬೆಳೆ ಮೊಣಕಾಲೆತ್ತರಕ್ಕೆ ಬಂದಾಗ ಪಟ್ಟಿ 4ರಲ್ಲಿ ನಾಲ್ಕು ಮೀಟರಿಗೊಂದು ಕಡುಹಸಿರು ಚುಕ್ಕೆ ಎದ್ದು ಕಾಣುತ್ತಿತ್ತು, ನಡುವೆಯೆಲ್ಲ ಬಿಳುಚು. ಗೊಬ್ಬರ ತಂದು ಗುಪ್ಪೆ ಹಾಕಿ "ಮಳೆ ಬಂದ ಮೇಲೆ ನೋಡೋಣ" ಅನ್ನುವ ರೂಢಿ ನಮ್ಮ ಕಡೆ ಬಹಳ ಇದೆ. ಆ ಚುಕ್ಕೆಗಳನ್ನು ಕಣ್ಣಾರೆ ಕಂಡ ಮೇಲೆ ನಾನಂತೂ ಮತ್ತೆ ಹಾಗೆ ಮಾಡುವುದಿಲ್ಲ.

4. ಬಿತ್ತನೆ (ಜೂನ್ 9, ಮೃಗಶಿರ)

ಸಾಲಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂಬತ್ತು ಅಂಗುಲ. ಪಟ್ಟಿಗೆ 4 ಕೆಜಿ ಬೀಜ, ಅಂದರೆ ಎಕರೆಗೆ 8 ಕೆಜಿ. ಡಿಎಪಿ, ಪೊಟ್ಯಾಷ್ ಮತ್ತು ಯೂರಿಯಾದ ಮೊದಲ ಕಂತನ್ನು ಬೀಜಕ್ಕೆ ತಾಗದಂತೆ ಪಕ್ಕದ ಗೆರೆಯಲ್ಲಿ ಬಿಟ್ಟೆವು. ಯೂರಿಯಾ ಪಟ್ಟಿ 1 ಮತ್ತು 2ಕ್ಕೆ 11 ಕೆಜಿ, 3ಕ್ಕೆ 8, 4ಕ್ಕೆ 5. ಒಟ್ಟು 35 ಆಗಿ, 45 ಕೆಜಿಯ ಚೀಲದಲ್ಲಿ 10 ಉಳಿಯಿತು.

ಸತುವಿನ ಸಲ್ಫೇಟ್ ಪಟ್ಟಿಗೆ 2 ಕೆಜಿ. ಇದನ್ನು ಡಿಎಪಿ ಜೊತೆ ಕಲಸಬಾರದು, ರಂಜಕ ಸತುವನ್ನು ಹಿಡಿದುಬಿಡುತ್ತದೆ. ಎರಡು ಬುಟ್ಟಿ ಕಳಿತ ಗೊಬ್ಬರಕ್ಕೆ ಕಲಸಿ ಎರಚಿದೆ, ಪಟ್ಟಿ 1ಕ್ಕೆ ಮಾತ್ರ ಮರಳಿಗೆ ಕಲಸಿದ್ದು.

5. ಪಟ್ಟಿ 4 ಹಳದಿಯಾಗಿದ್ದು (ಜೂನ್ 21ರಿಂದ ಜುಲೈ 2)

ಹನ್ನೆರಡನೇ ದಿನ ಬೆಳಗ್ಗೆ ಹೋದಾಗ ಪಟ್ಟಿ 4ರ ಬಣ್ಣ ದೂರದಿಂದಲೇ ಬೇರೆ ಕಂಡಿತು. ಕೆಳಗಿನ ಎಲೆ ತುದಿಯಿಂದ ನಡುನರದ ಗುಂಟ ಹಳದಿ ತಿರುಗಿತ್ತು. ಸಾರಜನಕ ಸಾಲದ ಗುರುತು ಇದೇ. ಅರೆಕಳಿತ ಸಪ್ಪೆ ಮಣ್ಣಿಗೆ ಬಿದ್ದರೆ ಅದನ್ನು ಕೊಳೆಸುವ ಜೀವಾಣುಗಳೇ ಮೊದಲು ಸಾರಜನಕ ತಿನ್ನುತ್ತವೆ, ಬೆಳೆಗೆ ಉಳಿಯುವುದಿಲ್ಲ. ಅಂಥ ಪಟ್ಟಿಗೇ ನಾನು ಎಲ್ಲಕ್ಕಿಂತ ಕಡಿಮೆ ಯೂರಿಯಾ ಕೊಟ್ಟಿದ್ದೆ.

ಜೂನ್ 24ರಂದು ಚೀಲದಲ್ಲಿ ಉಳಿದಿದ್ದ 10 ಕೆಜಿಯನ್ನೂ ಸಾಲಿನ ಪಕ್ಕ ಕೊಟ್ಟು ಎಡೆಕುಂಟೆ ಹೊಡೆದೆ. ಎಂಟು ದಿನದಲ್ಲಿ ಬಣ್ಣ ತಿರುಗಿತು.

ಬಣ್ಣ ತಿರುಗುತ್ತಿದ್ದಾಗಲೂ ಅಲ್ಲಲ್ಲಿ ಸಸಿ ಬಾಡುತ್ತಲೇ ಇತ್ತು. ಎಳೆದರೆ ಸಲೀಸಾಗಿ ಕೈಗೆ ಬಂತು, ಬೇರೇ ಇರಲಿಲ್ಲ. ಬುಡ ಕೆದಕಿದರೆ ಬಿಳಿ ಗೊಣ್ಣೆಹುಳು, ಕೆಲವು ಕಡೆ ಒಂದಡಿಯಲ್ಲಿ ಎರಡು ಮೂರು. ಹಸಿ ಗೊಬ್ಬರದ ಜೊತೆ ನಾನೇ ಹೊಲಕ್ಕೆ ಹೊತ್ತು ಹಾಕಿದ್ದು ಎಂದೇ ನನ್ನ ನಂಬಿಕೆ. ಬೇರೆ ಮೂರು ಪಟ್ಟಿಯಲ್ಲಿ ಹುಡುಕಿದರೂ ಒಂದೆರಡಕ್ಕಿಂತ ಹೆಚ್ಚು ಸಿಗಲಿಲ್ಲ. ಮಕ್ಕಳೂ ಸೇರಿ ಎರಡು ಸಂಜೆ ಹುಳು ಆರಿಸಿದೆವು.

ತೆರಪು ಬಿದ್ದಲ್ಲಿ ಜೂನ್ 26ರಂದು ಮತ್ತೆ ಬೀಜ ಊರಿಸಿದೆ. ಅದೂ ಹೋಯಿತು. ಹದಿನೇಳು ದಿನ ಮುಂದಿದ್ದ ಗಿಡಗಳ ನೆರಳಲ್ಲಿ ಅವು ಸೊರಗಿ, ಹೆಚ್ಚಿನವು ತೆನೆಯನ್ನೇ ಬಿಡಲಿಲ್ಲ. ಬೀಜ, ಕೂಲಿ ಸೇರಿ 900 ರೂಪಾಯಿ ದಂಡ. ಮೆಕ್ಕೆಜೋಳದಲ್ಲಿ ತೆರಪು ತುಂಬುವುದಿದ್ದರೆ ಮೊಳಕೆ ಬಂದ ವಾರದೊಳಗೆ ಆಗಬೇಕು, ಆಮೇಲೆ ಮುಟ್ಟಬಾರದು.

6. ಯೂರಿಯಾ ಸಿಗದ ಹನ್ನೊಂದು ದಿನ (ಜುಲೈ 9ರಿಂದ 20)

ಎರಡನೇ ಕಂತು ಮೂವತ್ತನೇ ದಿನಕ್ಕೆ, ಜುಲೈ 9ಕ್ಕೆ ಕೊಡಬೇಕಿತ್ತು. ನಾಲ್ಕೂ ಪಟ್ಟಿಗೆ ಸೇರಿ 36 ಕೆಜಿ, ಒಂದೇ ಚೀಲದ ಮಾತು. ಆ ಒಂದು ಚೀಲ ಎಲ್ಲೂ ಇರಲಿಲ್ಲ. ಈ ಮುಂಗಾರಿನಲ್ಲಿ ಮಳೆ ಬೇಗ ಬಂತು, ಎಲ್ಲ ಕಡೆ ಮೆಕ್ಕೆಜೋಳ ಹೆಚ್ಚಾಯಿತು, ಜುಲೈ ಹೊತ್ತಿಗೆ ರಾಜ್ಯದ ಎಷ್ಟೋ ಕಡೆ ರೈತರು ಯೂರಿಯಾಕ್ಕೆ ಬೆಳಗಿನ ಜಾವದಿಂದ ಸಾಲು ನಿಂತರು. ನಾನೂ ನಾಲ್ಕು ದಿನ ನಿಂತೆ. ಒಂದು ಅಂಗಡಿಯಲ್ಲಿ ಯೂರಿಯಾ ಬೇಕಿದ್ದರೆ ಇನ್ನೇನೋ ಬಾಟಲಿಯನ್ನೂ ಕೊಳ್ಳಬೇಕು ಅಂದರು, ವಾಪಸ್ ಬಂದೆ. ಕಡೆಗೆ ಜುಲೈ 20ಕ್ಕೆ, ನಲವತ್ತೊಂದನೇ ದಿನ, ಒಂದು ಚೀಲ ಸಿಕ್ಕಿತು.

ಆ ಹನ್ನೊಂದು ದಿನ ಪ್ರತಿ ಸಂಜೆ ಬದುವಿನ ಮೇಲೆ ನಿಂತು ಬಣ್ಣ ನೋಡಿ ಬರೆದಿಟ್ಟಿದ್ದೇನೆ. ಜುಲೈ 13ಕ್ಕೆ ಪಟ್ಟಿ 1 ಬಿಳುಚಲು ಶುರು. 16ಕ್ಕೆ ಅದರ ಕೆಳಗಿನ ಎರಡೆಲೆ ಹಳದಿ. ಪಟ್ಟಿ 2 ಮತ್ತು 3 ಜುಲೈ 18ರವರೆಗೂ ಹಸಿರಾಗೇ ಇದ್ದವು. ಅವೆರಡರಲ್ಲಿ ಯಾವುದಕ್ಕೆ ಯೂರಿಯಾ ಕಡಿಮೆ ಬಿದ್ದಿತ್ತು ಎಂದು ಗೂಟ ನೋಡದೆ ಹೇಳಲು ನನಗೇ ಆಗುತ್ತಿರಲಿಲ್ಲ. ಇಡೀ ಆರು ತಿಂಗಳಲ್ಲಿ ನನ್ನ ಮನಸ್ಸಿಗೆ ಅತಿ ಹೆಚ್ಚು ನಾಟಿದ್ದು ಈ ಹನ್ನೊಂದು ದಿನವೇ. ಚೀಲ ಬರಲಿಲ್ಲ, ಮಣ್ಣಲ್ಲಿದ್ದ ಗೊಬ್ಬರ ಬೆಳೆಯನ್ನು ಹಿಡಿದು ನಿಲ್ಲಿಸಿತು.

ಚೀಲ ಸಿಕ್ಕ ದಿನ ಮಾಡಿದ ತಪ್ಪು: ಮೋಡ ಕವಿದಿತ್ತು, ಮಳೆಗೆ ಮುಂಚೆ ಮುಗಿಸಬೇಕೆಂದು ಪಟ್ಟಿ 1ಕ್ಕೆ ಕೈಯಿಂದ ಮೇಲೆಯೇ ಎರಚಿದೆ. ಹರಳು ಸುಳಿಯೊಳಗೆ ಬಿದ್ದು ಎಲೆ ಅಲ್ಲಲ್ಲಿ ಸುಟ್ಟಿತು. ಉಳಿದ ಮೂರಕ್ಕೆ ಬುಡದಿಂದ ಗೇಣು ದೂರ ಸಾಲಲ್ಲಿ ಬಿಟ್ಟು, ಎಡೆ ಹೊಡೆದು ಮಣ್ಣು ಮುಚ್ಚಿದೆ. ತಡವಾಗಿದ್ದರಿಂದ ಎತ್ತರದ ಬೆಳೆಯಲ್ಲಿ ಎಡೆ ಹೊಡೆಯುವಾಗ ಒಂದಷ್ಟು ಗಿಡವೂ ಮುರಿದವು. ಮೂರನೇ ಕಂತು ಸೂಲಂಗಿ ಹೊರಡುವಾಗ, ಆಗಸ್ಟ್ 7ಕ್ಕೆ.

ಸುಳಿ ತಿನ್ನುವ ಸೈನಿಕ ಹುಳು (ಫಾಲ್ ಆರ್ಮಿವರ್ಮ್) ಬಂದೇ ಬಂತು. 2018ರಲ್ಲಿ ಶಿವಮೊಗ್ಗ ಕಡೆ ಮೊದಲು ಕಂಡ ಮೇಲೆ ಅದಿಲ್ಲದ ಮುಂಗಾರೇ ಇಲ್ಲ. ಇಮಾಮೆಕ್ಟಿನ್ ಬೆಂಜೋಯೇಟ್ ಲೀಟರಿಗೆ 0.4 ಗ್ರಾಂನಂತೆ ಸಂಜೆ ಹೊತ್ತು ಸುಳಿಗೆ ಒಂದು ಸಲ ಹೊಡೆದೆ. ನಾಲ್ಕೂ ಪಟ್ಟಿಗೆ ಒಂದೇ ಸಮ.

ಕಳೆ ಬಗ್ಗೆಯೂ ಹೇಳಬೇಕು. ಪಟ್ಟಿ 4ರಲ್ಲಿ ಕಳೆ ಉಳಿದವಕ್ಕಿಂತ ಬಹಳ. ದನ ತಿಂದ ಹುಲ್ಲಿನ ಬೀಜ ತಿಪ್ಪೆಯ ಬಿಸಿಯಲ್ಲಿ ಸಾಯಬೇಕಿತ್ತು, ಮಗುಚದ ಮೇಲಿನ ಪದರದಲ್ಲಿ ಸತ್ತಿರಲಿಲ್ಲ. ಅದೊಂದಕ್ಕೇ ಎರಡು ಹೆಣ್ಣಾಳು ಹೆಚ್ಚಿಗೆ ಬಿತ್ತು.

7. ಕೊಯ್ಲು (ಅಕ್ಟೋಬರ್ 8ರಿಂದ)

ಪ್ರತಿ ಪಟ್ಟಿಯ ನಡುವೆ ಹತ್ತು ಮೀಟರ್ ಸಾಲು ಅಳೆದು, ಮೂರು ಕಡೆ ಗಿಡ ಎಣಿಸಿ ಸರಾಸರಿ ತೆಗೆದೆ. ತೆನೆ ಬೇರೆ ಬೇರೆ ರಾಶಿ, ಒಕ್ಕಣೆಯೂ ಬೇರೆ ಬೇರೆ. ಮಷಿನ್ ಒಳಗೆ ಉಳಿದ ಕಾಳು ಮುಂದಿನ ರಾಶಿಗೆ ಸೇರುತ್ತದೆ ಎಂದು ಹೊಳೆದದ್ದು ಎರಡನೇ ಪಟ್ಟಿ ಶುರುವಾದ ಮೇಲೆ. ಹಾಗಾಗಿ 1 ಮತ್ತು 2ರ ನಡುವೆ ಹತ್ತು ಹದಿನೈದು ಕೆಜಿ ಆಚೀಚೆ ಇದ್ದೀತು. ಒಣಗಿಸಿದ ಮೇಲಿನ ತೂಕ:

ಪಟ್ಟಿ 1: ಹತ್ತು ಮೀಟರಿಗೆ 38 ಗಿಡ, 9.6 ಕ್ವಿಂಟಲ್.
ಪಟ್ಟಿ 2: 38 ಗಿಡ, 11.9 ಕ್ವಿಂಟಲ್.
ಪಟ್ಟಿ 3: 39 ಗಿಡ, 11.4 ಕ್ವಿಂಟಲ್.
ಪಟ್ಟಿ 4: 29 ಗಿಡ, 8.3 ಕ್ವಿಂಟಲ್.

ಇದರಲ್ಲಿ 3 ಮತ್ತು 4ನ್ನು ಜೊತೆಗಿಟ್ಟು ನೋಡಬೇಕು. ಮಧ್ಯೆ ಕೊಟ್ಟ 10 ಕೆಜಿ ಸೇರಿಸಿದರೆ ಪಟ್ಟಿ 4ಕ್ಕೆ ಚೀಲದಿಂದ ಬಿದ್ದ ಸಾರಜನಕ ಹದಿನಾಲ್ಕೂವರೆ ಕೆಜಿ, ಪಟ್ಟಿ 3ಕ್ಕೆ 15. ವ್ಯತ್ಯಾಸವೇ ಇಲ್ಲ ಅನ್ನಬಹುದು. ಆದರೂ ಇಳುವರಿಯಲ್ಲಿ ಮೂರು ಕ್ವಿಂಟಲ್ ಅಂತರ. ಉಳಿದ ಗಿಡಗಳ ತೆನೆ ಚೆನ್ನಾಗೇ ಇತ್ತು. ಗಿಡವೊಂದರ ಲೆಕ್ಕದಲ್ಲಿ 3 ಮತ್ತು 4 ಹೆಚ್ಚುಕಡಿಮೆ ಸಮ, ಪಟ್ಟಿ 1ಕ್ಕಿಂತ ಎರಡೂ ಮೇಲು. ಹೋದದ್ದು ಗಿಡದ ಸಂಖ್ಯೆಯಲ್ಲಿ, ಮೊದಲ ಇಪ್ಪತ್ತು ದಿನದಲ್ಲಿ. ಕಡಿಮೆ ಯೂರಿಯಾಕ್ಕಿಂತ ಹಸಿ ಗೊಬ್ಬರ ಹೆಚ್ಚು ಹೊಡೆಯಿತು ಎಂದು ನನಗೆ ಅನ್ನಿಸುವುದು ಅದಕ್ಕೇ. ಎರಡು ತಪ್ಪನ್ನೂ ಒಂದೇ ಪಟ್ಟಿಯಲ್ಲಿ ಮಾಡಿದ್ದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾರೆ.

8. ದುಡ್ಡಿನ ಲೆಕ್ಕ

ಸರ್ಕಾರಿ ಗೊಬ್ಬರ: ಯೂರಿಯಾ ಚೀಲ 266.50, ಡಿಎಪಿ 1,350, ಪೊಟ್ಯಾಷ್ 1,700. ಪಟ್ಟಿ 1ಕ್ಕೆ ಸುಮಾರು 1,090 ರೂಪಾಯಿ.

ತಿಪ್ಪೆಗೊಬ್ಬರ ಸಾಗಿಸಿದ್ದು, ಮೂರು ಲೋಡಿಗೆ: ಟ್ರ್ಯಾಕ್ಟರ್ 2,100, ತುಂಬುವ ನಾಲ್ಕಾಳು 2,400, ಹರಡುವ ಕೂಲಿ 1,400, ತೂಕಕ್ಕೆ 150. ಒಟ್ಟು 6,050, ಪಟ್ಟಿಗೆ ಎರಡು ಸಾವಿರ.

ಮಾರಿದ್ದು ಕ್ವಿಂಟಲಿಗೆ 1,750. ಬೆಂಬಲ ಬೆಲೆ 2,400 ಎಂದು ಘೋಷಣೆಯಾದ ವರ್ಷದಲ್ಲಿ ಇಷ್ಟಕ್ಕೇ ಕೊಟ್ಟು ಬರಬೇಕಾಯಿತು. ಒಣಗಿಸಿಟ್ಟು ಕಾಯೋಣವೆಂದರೆ ಸಾಲದ ಕಂತು ಕಾಯುವುದಿಲ್ಲ.

ಪಟ್ಟಿ 2ರಲ್ಲಿ ಹೆಚ್ಚು ಬಂದ 2.3 ಕ್ವಿಂಟಲಿಗೆ 4,025. ಸಾಗಣೆ ಕಳೆದು ಎರಡು ಸಾವಿರ ಉಳಿಯಿತು. ಪಟ್ಟಿ 3ರಲ್ಲಿ ಸಾವಿರದ ಇನ್ನೂರರಷ್ಟು. ಪಟ್ಟಿ 4ರಲ್ಲಿ, ಒಂದರ ಜೊತೆ ಹೋಲಿಸಿದರೆ, ನಾಲ್ಕು ಸಾವಿರಕ್ಕೂ ಮೇಲೆ ನಷ್ಟ.

ಇದೇ ಗೊಬ್ಬರವನ್ನು ಕೊಂಡು ಹಾಕಿದ್ದರೆ? ನಮ್ಮಲ್ಲಿ ಲೋಡಿಗೆ ನಾಲ್ಕು ಸಾವಿರ ಕೇಳುತ್ತಾರೆ. ಮೊದಲ ವರ್ಷ ಪಟ್ಟಿ 2 ಕೂಡ ನಷ್ಟಕ್ಕೇ ಬೀಳುತ್ತಿತ್ತು. ಪಟ್ಟಿ 3ರಲ್ಲಿ ಉಳಿಸಿದ 11 ಕೆಜಿ ಯೂರಿಯಾದ ಬೆಲೆ 65 ರೂಪಾಯಿ. ಯೂರಿಯಾ ದುಡ್ಡು ಉಳಿಸಲು ತಿಪ್ಪೆಗೊಬ್ಬರ ಹಾಕಿ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸುತ್ತೇನೆ. ನಾನು ಹಾಕುವುದು ಆ ಹನ್ನೊಂದು ದಿನಕ್ಕಾಗಿ, 0.38 ಅನ್ನುವ ಅಂಕಿಗಾಗಿ. ಮನೆಯಲ್ಲಿ ದನ ಇಲ್ಲದವರಿಗೆ ಬೇಸಿಗೆಯಲ್ಲಿ ಕುರಿ ಮಂದೆ ನಿಲ್ಲಿಸುವುದು ಕೊಳ್ಳುವುದಕ್ಕಿಂತ ಮೇಲು. ಗಂಜಲವೂ ಹೊಲಕ್ಕೇ ಬೀಳುತ್ತದೆ, ಸಾಗಣೆ ಕೂಲಿ ಇಲ್ಲ.

9. ಈಗ ನಡೆಯುತ್ತಿರುವುದು

ಮುಂದಿನ ಮುಂಗಾರಿಗೆ ಪಟ್ಟಿ 2 ಮತ್ತು 3ಕ್ಕೆ ಹೊಸ ಗೊಬ್ಬರ ಹಾಕುವುದಿಲ್ಲ. ಹೋದ ಸಲದ್ದು ಎಷ್ಟು ಉಳಿದಿದೆ ಎಂದು ನೋಡಬೇಕು. ಪಟ್ಟಿ 1ಕ್ಕೆ ಕಳಿತ ಗೊಬ್ಬರ ಹಾಕಿ ಮುಕ್ಕಾಲು ಸಾರಜನಕ. ಪಟ್ಟಿ 4ಕ್ಕೆ ಕಳಿತದ್ದೇ ಹಾಕಿ, ಅರ್ಧ ಸಾರಜನಕದ ಲೆಕ್ಕವನ್ನು ಮತ್ತೊಮ್ಮೆ, ಈ ಸಲ ಅದೊಂದನ್ನೇ ನೋಡುತ್ತೇನೆ.

ತಿಪ್ಪೆಯನ್ನು ಗುಂಡಿಗೆ ಇಳಿಸಿದ್ದೇನೆ. ಹನ್ನೆರಡಡಿ ಉದ್ದ, ಆರಡಿ ಅಗಲ, ಮೂರಡಿ ಆಳ, ಮೇಲೆ ತೆಂಗಿನ ಗರಿಯ ಚಪ್ಪರ. ಸಪ್ಪೆಯನ್ನು ಗೇಣುದ್ದ ಕತ್ತರಿಸಿ, ಒಂದಡಿ ಪದರಕ್ಕೊಮ್ಮೆ ಸಗಣಿ ನೀರು ಚಿಮುಕಿಸಿ, ಮೇಲೆ ನಾಲ್ಕು ಬುಟ್ಟಿ ಹೊಲದ ಮಣ್ಣು ಹಾಕಿದ್ದಾಯಿತು. ಮೊನ್ನೆ ಮೊದಲ ಸಲ ಮಗುಚಿದೆವು. ಅಪ್ಪ ಗುಂಡಿಯ ಬದಿಯಲ್ಲಿ ಕೂತು, ಒಳಗಿಂದು ಹೊರಗೆ ಬಂತೋ ಇಲ್ಲವೋ ಎಂದು ಪ್ರತಿ ಸನಿಕೆಯನ್ನೂ ನೋಡುತ್ತಿದ್ದರು. ಇವತ್ತು ಬೆಳಗ್ಗೆ ಸರಳು ಚುಚ್ಚಿ ತೆಗೆದೆ, ಇನ್ನೂ ಕೈ ಸುಡುತ್ತದೆ. ಜನವರಿಯಲ್ಲಿ ಇನ್ನೊಂದು ಸಲ ಮಗುಚಬೇಕು.